ಹೆಸರಿಗೆ ನಿಲುಕದ ನೋವು



ಭರತಮುನಿಗಳು ನಾಟ್ಯಶಾಸ್ತ್ರದಲ್ಲಿ 8 ಸ್ಥಾಯಿಭಾವ, 33 ಸಂಚಾರಿಭಾವ, 8 ಸಾತ್ತ್ವಿಕಭಾವ, ಹೀಗೆ ಒಟ್ಟು 49 ಭಾವಗಳನ್ನು ಎಣಿಸಿದ್ದಾರೆ. ಪಾಠಶಾಲೆಯಲ್ಲಿ ಅವನ್ನೆಲ್ಲ ಕಂಠಪಾಠ ಮಾಡಿ ಗುರುಗಳಿಗೆ ಒಪ್ಪಿಸಿದವರು ನಾವು. ಶೋಕ ಯಾವುದು, ವಿಷಾದ ಯಾವುದು, ಚಿಂತೆ ಯಾವುದು ಎಂದು ಬೇರೆ ಬೇರೆ ಲಕ್ಷಣ ಹೇಳಬಲ್ಲೆವೆಂಬ ಬಿಂಕವೂ ಇತ್ತು.

ನಾವು ಪೀಠಕ್ಕೆ ಬಂದ ಹೊಸತರಲ್ಲಿ ಒಬ್ಬ ತಾಯಿ ದರ್ಶನಕ್ಕೆ ಬಂದಳು. ಪ್ರಾಯಕ್ಕೆ ಬಂದ ಮಗ ತೀರಿಕೊಂಡು ಮೂರು ತಿಂಗಳಾಗಿತ್ತು. ದೇಹದ ಅನಿತ್ಯತೆಯನ್ನು ಕುರಿತು ನಾವು ಶ್ಲೋಕ ಹೇಳಿದೆವು, ಅರ್ಥ ಹೇಳಿದೆವು, ಬಹಳ ಹೊತ್ತು ಬೋಧಿಸಿದೆವು. ಆಕೆ ಎಲ್ಲವನ್ನೂ ಕೇಳಿ, ‘ನೀವು ಹೇಳೂದು ಖರೇ ಅದರಿ ಅಜ್ಜಾರ. ಆದರ ರೊಟ್ಟಿ ಬಡಿಯೂವಾಗ ಕೈ ಇನ್ನೂ ಅವನ ಪಾಲಿನವು ಎರಡು ಹೆಚ್ಚಿಗಿ ಬಡೀತದರಿ’ ಎಂದಳು.

ಅಷ್ಟೇ. ದುಃಖವೆಂಬ ಶಬ್ದವನ್ನು ಆಕೆ ಒಮ್ಮೆಯೂ ಆಡಲಿಲ್ಲ. ನಾವು ಆಡಿದ್ದು ಬರೀ ಅದನ್ನೇ. ಶೋಕವೆಂದು ಹೆಸರು ಹೇಳಿದ ಮಾತ್ರಕ್ಕೆ ಕೇಳುವವನ ಹೃದಯದಲ್ಲಿ ಕರುಣರಸ ಹುಟ್ಟದು, ಅದು ಧ್ವನಿಯಿಂದಲೇ ಮುಟ್ಟಬೇಕು ಎಂಬುದು 9ನೆಯ ಶತಮಾನದ ಆನಂದವರ್ಧನಾಚಾರ್ಯರ ಮತ. ‘ಧ್ವನ್ಯಾಲೋಕ’ದ ಈ ಭಾಗಕ್ಕೆ ನಾವು ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರ ಬರೆದಿದ್ದೆವು! ತಿಳಿದದ್ದು ಅಂದು, ಆ ಎರಡು ರೊಟ್ಟಿಗಳಿಂದ.

ಆಗ ಶರಣೆ ಮುಕ್ತಾಯಕ್ಕನ ನೆನಪಾಯಿತು. ಅಣ್ಣ ಅಜಗಣ್ಣ ಲಿಂಗೈಕ್ಯನಾದಾಗ ಶೋಕಿಸುತ್ತಿದ್ದ ಆಕೆಯ ಬಳಿಗೆ ಅಲ್ಲಮಪ್ರಭುಗಳು ಬಂದ ಪ್ರಸಂಗವನ್ನು ನೀವು ಶೂನ್ಯಸಂಪಾದನೆಯಲ್ಲಿ ಕೇಳಿದ್ದೀರಿ. ಪ್ರಭುಗಳಂಥ ಪ್ರಭುಗಳೇ ತತ್ತ್ವ ಹೇಳಿದರೂ ಆಕೆ ಒಡನೆ ಒಪ್ಪಲಿಲ್ಲ. ಮಾತಿಗೆ ಮಾತು ಕೊಟ್ಟಳು. ಪ್ರಭುಗಳು ಅದಕ್ಕೆ ಬೇಸರಿಸಲಿಲ್ಲ, ಎದ್ದುಹೋಗಲೂ ಇಲ್ಲ. ಆಕೆಯ ವಚನಗಳ ಅಂಕಿತವನ್ನು ನೋಡಿರಿ: ‘ಅಜಗಣ್ಣ ತಂದೆ’. ಅರಿವು ಮೂಡಿದ ಮೇಲೂ ಅಣ್ಣನ ಹೆಸರು ಪ್ರತಿಯೊಂದು ವಚನದ ಕೊನೆಗೆ ಉಳಿಯಿತು. ಎಷ್ಟು ಪ್ರೀತಿಯಿತ್ತೆಂದು ಬೇರೆ ಹೇಳುವ ಅವಶ್ಯಕತೆ ಆಕೆಗೆ ಬೀಳಲಿಲ್ಲ.

ನಾವು ಶ್ಲೋಕವನ್ನು ಅಲ್ಲಿಗೇ ನಿಲ್ಲಿಸಿದೆವು. ಏನು ಹೇಳಬೇಕೆಂದು ತೋಚಲಿಲ್ಲ. ಕಡೆಗೆ, ‘ಅವನಿಗೆ ರೊಟ್ಟಿಯ ಜೊತೆ ಯಾವ ಪಲ್ಯ ಸೇರುತ್ತಿತ್ತು ತಾಯಿ?’ ಎಂದು ಕೇಳಿದೆವು.

ಮೂರು ತಿಂಗಳಿನಿಂದ ಈ ಮಾತನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಆಕೆ ಹೇಳತೊಡಗಿದಳು. ಮಧ್ಯಾಹ್ನದ ಪೂಜೆಗೆ ಹೊತ್ತಾಯಿತೆಂದು ಮರಿಗಳು ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು. ಅಂದು ಪೂಜೆ ತಡವಾಯಿತು.