ಆಲೂಗಡ್ಡೆಯ ಉಷ್ಣಾಂಕ: ದೋಷ ಗಡ್ಡೆಯದೋ, ಬಾಣಲೆಯದೋ?



ಬೆಂಗಳೂರು, ಮೈಸೂರಿನ ಕಡೆಯವರು ಆಲೂಗಡ್ಡೆ ಎಂದು ಕರೆಯುವುದನ್ನು ಕರಾವಳಿಯವರೂ ಉತ್ತರ ಕರ್ನಾಟಕದವರೂ ಬಟಾಟೆ ಎನ್ನುತ್ತಾರೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಎರಡನೆಯ ಹೆಸರೇ ಹೆಚ್ಚು ಪರಿಚಿತ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದಲ್ಲಿ ಹುಟ್ಟಿ, ಯೂರೋಪಿಯನ್ನರ ಮೂಲಕ ಭಾರತಕ್ಕೆ ಬಂದ ಈ ಗಡ್ಡೆಯ ಉತ್ಪಾದನೆಯಲ್ಲಿ ಚೀನಾದ ನಂತರದ ಸ್ಥಾನ ಇಂದು ಭಾರತದ್ದೇ ಆಗಿದೆ. ಇಷ್ಟಾದರೂ ಮೈ ಬೆಳೆಯುತ್ತದೆಂಬ ಭಯದಿಂದ ಇದನ್ನು ತಟ್ಟೆಯಿಂದ ದೂರವಿಡುವವರು ಅನೇಕರು. ಈ ಭಯಕ್ಕೆ ಆಧಾರವೆಷ್ಟು ಎಂಬುದನ್ನು ಪರಿಶೀಲಿಸುವುದು ಉಚಿತ.

ಆಲೂಗಡ್ಡೆಯ ತೂಕದಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ನೀರೇ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಂತೆ 100 ಗ್ರಾಂ ಹಸಿ ಗಡ್ಡೆಯಲ್ಲಿರುವುದು 97 ಕ್ಯಾಲೊರಿ. 2017ರಲ್ಲಿ ಅದೇ ಸಂಸ್ಥೆ ಪ್ರಕಟಿಸಿದ ಕೋಷ್ಟಕದಲ್ಲಿ ಈ ಅಂಕಿ ಇನ್ನೂ ಕಡಿಮೆ, 70ರ ಆಸುಪಾಸು. ತಳಿ ಮತ್ತು ನೀರಿನ ಅಂಶಕ್ಕೆ ತಕ್ಕಂತೆ ಈ ವ್ಯತ್ಯಾಸ ಸಹಜ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 345 ಕ್ಯಾಲೊರಿ ಇರುತ್ತದೆ. ಆದರೆ ಒಣ ಅಕ್ಕಿಯನ್ನು ಹಸಿ ಗಡ್ಡೆಯೊಂದಿಗೆ ತೂಗುವುದು ನ್ಯಾಯವಲ್ಲ. ನೀರು ಹೀರಿ ಬೆಂದ ಅನ್ನಕ್ಕೆ ಹೋಲಿಸಿದರೂ, ಅಂದರೆ 100 ಗ್ರಾಮಿಗೆ ಸುಮಾರು 130 ಕ್ಯಾಲೊರಿಗೆ ಹೋಲಿಸಿದರೂ, ಬೇಯಿಸಿದ ಆಲೂಗಡ್ಡೆಯ ಉಷ್ಣಾಂಕ ಕಡಿಮೆಯೇ.

ಹಾಗಾದರೆ ಮೈಗೆ ಸೇರುವ ಕೊಬ್ಬು ಎಲ್ಲಿಂದ ಬರುತ್ತದೆ? ಗಡ್ಡೆಯಲ್ಲಿ ಕೊಬ್ಬು ಇಲ್ಲವೆಂದೇ ಹೇಳಬಹುದು: 100 ಗ್ರಾಮಿನಲ್ಲಿ 0.1 ಗ್ರಾಂ ಮಾತ್ರ. ಎಣ್ಣೆಯ ಪ್ರತಿ ಗ್ರಾಂ 9 ಕ್ಯಾಲೊರಿ ಕೊಡುತ್ತದೆ. ಒಬ್ಬರ ಪಾಲಿನ 100 ಗ್ರಾಂ ಆಲೂಗಡ್ಡೆ ಪಲ್ಯಕ್ಕೆ ಊಟದ ಚಮಚದಲ್ಲಿ ಒಂದು ಚಮಚ ಎಣ್ಣೆ ಬಿದ್ದರೆ, ಸುಮಾರು 120 ಕ್ಯಾಲೊರಿ ಆ ಎಣ್ಣೆಯಿಂದಲೇ ಬಂದಿತು. ಅಂದರೆ ಗಡ್ಡೆಗಿಂತ ಒಗ್ಗರಣೆಯೇ ಭಾರ! ಚಿಪ್ಸಿನ ಸಂಗತಿ ಇದಕ್ಕಿಂತಲೂ ಗಂಭೀರ. ತೆಳುವಾಗಿ ಹೆಚ್ಚಿದ ಬಿಲ್ಲೆಗಳು ಕಾದ ಎಣ್ಣೆಗೆ ಬಿದ್ದಾಗ ಒಳಗಿನ ನೀರು ಆವಿಯಾಗಿ ಹೊರಟು, ಆ ಜಾಗಕ್ಕೆ ಎಣ್ಣೆ ಸೇರುತ್ತದೆ. ಹೀಗಾಗಿ 100 ಗ್ರಾಂ ಚಿಪ್ಸಿನಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯೇ ಇದ್ದು, ಉಷ್ಣಾಂಕ 500ನ್ನು ಮೀರುತ್ತದೆ. ಮುಂಬಯಿಯ ಬಟಾಟೆ ವಡೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅಲ್ಲಿ ಎಣ್ಣೆ ಹೀರುವುದು ಮುಖ್ಯವಾಗಿ ಹೊರಗಿನ ಕಡಲೆಹಿಟ್ಟಿನ ಪದರವೆಂಬುದಷ್ಟೇ ಭೇದ.

ಪೋಷಕಾಂಶಗಳ ವಿಷಯದಲ್ಲಿ ಆಲೂಗಡ್ಡೆ ಬರಿಯ ಪಿಷ್ಟದ ಮುದ್ದೆಯಲ್ಲ. ಪೊಟ್ಯಾಸಿಯಂ ಸಮೃದ್ಧವಾಗಿದೆ. 100 ಗ್ರಾಮಿನಲ್ಲಿ ಸುಮಾರು 17 ಮಿಲಿಗ್ರಾಂ 'ಸಿ' ಜೀವಸತ್ವವೂ ಇದೆ. ಈ ಜೀವಸತ್ವ ನೀರಿನಲ್ಲಿ ಕರಗುವಂಥದು. ಸಿಪ್ಪೆ ಹೆರೆದು, ಹೋಳು ಮಾಡಿ, ಬೇಯಿಸಿ, ನೀರನ್ನು ಬಸಿದರೆ ಅದರ ಗಣನೀಯ ಪಾಲು ನೀರಿನೊಡನೆ ಹೋಗುತ್ತದೆ. ಇಡಿಯಾಗಿ ಸಿಪ್ಪೆಸಹಿತ ಬೇಯಿಸಿ ಆಮೇಲೆ ಸುಲಿಯುವ ಹಳೆಯ ರೂಢಿಯೇ ಮೇಲು. ಸಸಾರಜನಕ ಒಂದೂವರೆ ಗ್ರಾಮಿನಷ್ಟು ಮಾತ್ರ. ಆದುದರಿಂದ ಅನ್ನ ಅಥವಾ ಚಪಾತಿಯೊಡನೆ ಆಲೂಗಡ್ಡೆ ಪಲ್ಯವನ್ನಷ್ಟೇ ಬಡಿಸಿದರೆ ಪಿಷ್ಟದ ಮೇಲೆ ಪಿಷ್ಟ ಸೇರಿದಂತಾಗುತ್ತದೆ. ಬೇರೆ ತರಕಾರಿ ಮುಟ್ಟದ ಮಕ್ಕಳಿಗೆ ದಿನವೂ ಇದನ್ನೇ ಡಬ್ಬಿಗೆ ತುಂಬಿ ಕಳುಹಿಸುವ ಮನೆಗಳಲ್ಲಿ ಬೇಳೆ, ಸೊಪ್ಪು, ಮೊಸರು ತಟ್ಟೆಗೆ ಮರಳಬೇಕಾದುದು ಅವಶ್ಯ.

ಮಧುಮೇಹಿಗಳ ಎಚ್ಚರಿಕೆಗೆ ಒಂದು ಮಾತು. ದೆಹಲಿ ಮೊದಲಾದ ಉತ್ತರದ ಮಾರುಕಟ್ಟೆಗಳಲ್ಲಿ 'ಶುಗರ್ ಫ್ರೀ' ಎಂಬ ಹೆಸರಿನ ಆಲೂಗಡ್ಡೆ ದೊರೆಯುತ್ತದೆ. ಶೀತಲಗೃಹದಲ್ಲಿ 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಗಡ್ಡೆಯ ಪಿಷ್ಟದ ಒಂದಂಶ ಸಕ್ಕರೆಯಾಗಿ ಮಾರ್ಪಟ್ಟು ರುಚಿ ಸಿಹಿಯಾಗುತ್ತದೆ. 10ರಿಂದ 12 ಡಿಗ್ರಿಯಲ್ಲಿಟ್ಟರೆ ಹಾಗಾಗುವುದು ತೀರ ಕಡಿಮೆ. ಆ ಹೆಸರಿನ ಅರ್ಥ ಇಷ್ಟೇ. ಪಿಷ್ಟವೆಲ್ಲ ಗಡ್ಡೆಯಲ್ಲಿಯೇ ಉಳಿದಿದ್ದು, ಜೀರ್ಣವಾದೊಡನೆ ರಕ್ತದಲ್ಲಿ ಗ್ಲೂಕೋಸ್ ಆಗುತ್ತದೆ. ಹೆಸರನ್ನು ನಂಬಿ ಹೊಟ್ಟೆ ತುಂಬ ತಿಂದವರ ರಕ್ತಪರೀಕ್ಷೆ ಬೇರೆಯೇ ಕಥೆ ಹೇಳೀತು. ಅವರು ಆಲೂಗಡ್ಡೆಯನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯದೆ ಅನ್ನದ ಲೆಕ್ಕಕ್ಕೆ ಹಿಡಿದು, ತಿಂದಷ್ಟಕ್ಕೆ ತಕ್ಕಂತೆ ಅನ್ನ, ಚಪಾತಿಯನ್ನು ಕಡಿಮೆ ಮಾಡುವುದು ಲೇಸು. ಮೂತ್ರಪಿಂಡದ ಕಾಯಿಲೆಯುಳ್ಳವರು ಪೊಟ್ಯಾಸಿಯಂ ಕಾರಣದಿಂದ ವೈದ್ಯರನ್ನು ಕೇಳಿಯೇ ತಿನ್ನತಕ್ಕದ್ದು.

ಬೆಳಕು ತಗುಲುವಂತೆ ಇಟ್ಟ ಗಡ್ಡೆಗಳು ಹಸಿರಾಗುತ್ತವೆ. ಆಗ ಅವುಗಳಲ್ಲಿ ಸೊಲನೈನ್ ಎಂಬ ವಿಷವಸ್ತು ಹೆಚ್ಚಿರುವ ಸಂಭವವುಂಟು. ಮೊಳಕೆಗಳಲ್ಲಿಯೂ ಅದು ಅಧಿಕ. ಬೇಯಿಸುವುದರಿಂದ ಈ ವಿಷ ನಾಶವಾಗುವುದಿಲ್ಲ. ಅಲ್ಪಸ್ವಲ್ಪ ಹಸಿರಿದ್ದರೆ ಆ ಭಾಗವನ್ನು ದಪ್ಪಗೆ ಕೆತ್ತಿ ತೆಗೆಯಬಹುದು. ಹೆಚ್ಚು ಹಸಿರಾದುದನ್ನೂ ಕಹಿ ರುಚಿಯುಳ್ಳದ್ದನ್ನೂ ಎಸೆಯಬೇಕು.