ನಕ್ಷೆಯನ್ನೇ ನುಡಿಸಿದವರು

ಕಟ್ಟಡದ ನಕ್ಷೆಯನ್ನ ವಾದ್ಯದಲ್ಲಿ ನುಡಿಸೋಕೆ ಆಗುತ್ತಾ? ನುಡಿಸಿದವರೊಬ್ಬರಿದ್ದರು. ಹೆಸರು ಯಾನಿಸ್ ಕ್ಸೆನಾಕಿಸ್, ಗ್ರೀಕರು.

1944ರ ಡಿಸೆಂಬರ್. ಅಥೆನ್ಸ್‌ನ ಬೀದಿ ಕಾಳಗದಲ್ಲಿ ಬ್ರಿಟಿಷ್ ಟ್ಯಾಂಕ್‌ನ ಶೆಲ್ ಸಿಡಿದು ಈ ಎಡಪಂಥೀಯ ಯುವಕನ ಎಡಗಣ್ಣು ಹೋಯ್ತು. 1947ರಲ್ಲಿ ತಪ್ಪಿಸಿಕೊಂಡು ಪ್ಯಾರಿಸ್ ಸೇರಿದರು. ಊರಲ್ಲಿ ಮರಣದಂಡನೆ ಘೋಷಣೆಯಾಯ್ತು! ಓದಿದ್ದು ಎಂಜಿನಿಯರಿಂಗ್, ಕೆಲಸ ಸಿಕ್ಕಿದ್ದು ಲೆ ಕಾರ್ಬ್ಯುಸಿಯೆ ಕಚೇರಿಯಲ್ಲಿ. ಹೌದು, ನಮ್ಮ ಚಂಡೀಗಢ ರೂಪಿಸಿದ ಅದೇ ಕಾರ್ಬ್ಯುಸಿಯೆ. ಅಲ್ಲಿ ಕಾಂಕ್ರೀಟಿನ ಲೆಕ್ಕ ಹಾಕುತ್ತಲೇ ಸಂಗೀತ ಬರೆದರು.

1954ರಲ್ಲಿ ಮುಗಿಸಿದ ಕೃತಿ ‘ಮೆಟಾಸ್ಟಾಸಿಸ್’. 61 ವಾದ್ಯಗಾರರು, ಒಬ್ಬೊಬ್ಬರಿಗೂ ಬೇರೆ ಬೇರೆ ಭಾಗ. ಪಿಟೀಲುಗಳು ಸ್ವರದಿಂದ ಸ್ವರಕ್ಕೆ ಜಾರುತ್ತವೆ. ಜಾರು ನಮ್ಮ ಕಿವಿಗೇನೂ ಹೊಸದಲ್ಲ ಬಿಡಿ. ಆದ್ರೆ ಹತ್ತಾರು ಪಿಟೀಲುಗಳು ಒಟ್ಟಿಗೇ, ತಂತಮ್ಮ ವೇಗದಲ್ಲಿ ಜಾರಿದ್ರೆ? ಗ್ರಾಫ್ ಹಾಳೆಯಲ್ಲಿ ಆ ಒಂದೊಂದು ಜಾರೂ ಒಂದು ನೇರ ಗೆರೆ. ನೇರ ಗೆರೆಗಳನ್ನೇ ಸ್ವಲ್ಪ ಸ್ವಲ್ಪ ಓರೆ ಮಾಡ್ತಾ ಎಳೆದ್ರೆ ಬಾಗಿದ ಆಕಾರ ಮೂಡುತ್ತೆ.

ಆ ಆಕಾರವೇ 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಫಿಲಿಪ್ಸ್ ಮಂಟಪವಾಗಿ ಎದ್ದು ನಿಂತಿತು. ಡೇರೆಯ ಬಟ್ಟೆ ಎಳೆದು ಕಟ್ಟಿದ ಹಾಗೆ ಕಾಂಕ್ರೀಟು! ಒಳಗೆ ಮುನ್ನೂರಕ್ಕೂ ಹೆಚ್ಚು ಸ್ಪೀಕರ್. ಜನ ಒಳಗೆ ಹೋಗುವಾಗ ಕೇಳಿಸುತ್ತಿದ್ದ ತುಣುಕೂ ಕ್ಸೆನಾಕಿಸ್ ಅವರದ್ದೇ. ಉರಿಯುವ ಇದ್ದಿಲಿನ ಚಟಪಟ ಸದ್ದಿನಿಂದ ಮಾಡಿದ್ದು.

ಆದ್ರೆ ಹೆಸರು ಯಾರದ್ದು? ಮೊದಲಿಗೆ ದೊಡ್ಡವರದ್ದೇ. ಕಾರ್ಬ್ಯುಸಿಯೆ ಏನೂ ಮಾಡಲಿಲ್ಲ ಅಂತ ನಾನು ಹೇಳ್ತಿಲ್ಲ, ಮೂಲ ಕಲ್ಪನೆ ಅವರದ್ದೇ. ಆದ್ರೆ ಆ ಗೋಡೆಗಳ ರೂಪ, ಗಣಿತ? ಕ್ಸೆನಾಕಿಸ್ ಸುಮ್ಮನಿರಲಿಲ್ಲ, ಕೇಳಿದರು. ಕೊನೆಗೆ ಅವರ ಹೆಸರೂ ಸೇರಿತು. 1959ರಲ್ಲಿ ಕಚೇರಿಯಿಂದ ಹೊರಬಿದ್ದರು. ಬಾಸ್‌ನ ಹೆಸರಿನ ಕೆಳಗೆ ಕೆಲಸ ಮಾಡೋರಿಗೆ ಇದರ ಬೆಲೆ ಗೊತ್ತಿರುತ್ತೆ, ಅಲ್ವಾ? ಮಂಟಪವನ್ನಂತೂ ಮೇಳ ಮುಗಿದ ಮೇಲೆ ಕೆಡವಿಬಿಟ್ಟರು.

ಗೆರೆ ಮಾತ್ರ ಅವರನ್ನ ಬಿಡಲಿಲ್ಲ. 1977ರಲ್ಲಿ ಅವರ ತಂಡ ‘ಯುಪಿಕ್’ ಎಂಬ ಕಂಪ್ಯೂಟರ್ ಯಂತ್ರ ಸಿದ್ಧಪಡಿಸಿತು. ದೊಡ್ಡ ಹಲಗೆ, ಒಂದು ಪೆನ್ನು. ಎಡದಿಂದ ಬಲಕ್ಕೆ ಕಾಲ, ಕೆಳಗಿಂದ ಮೇಲಕ್ಕೆ ಸ್ವರದ ಏರಿಕೆ. ಗೆರೆ ಎಳೀರಿ, ಯಂತ್ರ ಅದನ್ನ ನುಡಿಸುತ್ತೆ. ಸ್ವರಲಿಪಿ ಬಾರದ ಮಕ್ಕಳೂ ಅದರಲ್ಲಿ ಸಂಗೀತ ಮಾಡಿದರು.

ಅದರಲ್ಲೇ ಪೂರ್ತಿ ಬರೆದ ಅವರ ಮೊದಲ ಕೃತಿ ‘ಮೈಸೀನ್ ಆಲ್ಫಾ’ ಮೊದಲು ಕೇಳಿಸಿದ್ದು 1978ರಲ್ಲಿ, ಗ್ರೀಸ್‌ನ ಪುರಾತನ ಮೈಸಿನಿಯ ಪಾಳುಕೋಟೆಯ ಬಳಿ. ಶಿಕ್ಷೆ ರದ್ದಾಗಿ ಅವರು ತವರಿಗೆ ಕಾಲಿಟ್ಟು ಆಗಿನ್ನೂ ನಾಲ್ಕು ವರ್ಷ.