ಹಾಲು ಕಟ್ಟಿದೆ ಎಂದುಕೊಂಡ ಗಂಟು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣ)



ಈ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಕುರಿತು ನನಗಿಂತ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನನ್ನನ್ನು ಇಲ್ಲಿ ನಿಲ್ಲಿಸಿದ ಕಾರಣ ಬೇರೆ. ನಾನು ಹೇಳಬೇಕಾದ ವಿಷಯದಲ್ಲಿ ಸ್ತನ ಎಂಬ ಶಬ್ದ ಅನೇಕ ಸಲ ಬರುತ್ತದೆ. ಗುರುಗಳ ಎದುರಿನಲ್ಲಿ, ಗಂಡಸರೂ ಮಕ್ಕಳೂ ಕುಳಿತಿರುವಾಗ, ಆ ಶಬ್ದವನ್ನು ಉಚ್ಚರಿಸುವುದು ಹೇಗೆಂದು ಒಂದು ವಾರ ಯೋಚಿಸಿದೆ. ಆಮೇಲೆ ನೆನಪಾಯಿತು: ಬಲಿಪೂಜೆಯ ಪುರಾತನ ರೋಮನ್ ಪ್ರಾರ್ಥನೆಯಲ್ಲಿ ಗುರುಗಳು ಓದುವ ಸಂತರ ಸಾಲಿನಲ್ಲಿ ಫೆಲಿಸಿತಾ, ಪೆರ್ಪೆತುವಾ, ಆಗತಾ ಎಂಬ ಮೂವರು ಸ್ತ್ರೀಯರ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಇವರಲ್ಲಿ ಆಗತಾ 251ನೆಯ ಇಸವಿಯಲ್ಲಿ ಸಿಸಿಲಿ ದ್ವೀಪದ ಕತಾನಿಯಾ ನಗರದಲ್ಲಿ ರಕ್ತಸಾಕ್ಷಿಯಾದಳೆಂದೂ, ಪೀಡಕರು ಅವಳ ಸ್ತನಗಳನ್ನು ಕತ್ತರಿಸಿದರೆಂದೂ ಪರಂಪರೆ ಹೇಳುತ್ತದೆ. ಸ್ತನರೋಗದಿಂದ ನರಳುವವರು ಶತಮಾನಗಳಿಂದ ಅವಳ ಬೇಡುವಿಕೆಯನ್ನು ಯಾಚಿಸುತ್ತ ಬಂದಿದ್ದಾರೆ. ಧರ್ಮಸಭೆ ಅಷ್ಟು ಹಿಂದಿನಿಂದ ನಾಚದೆ ಸ್ಮರಿಸುತ್ತಿರುವುದನ್ನು ಹೇಳಲು ನಾನೇಕೆ ನಾಚಬೇಕು?

2014ನೆಯ ಇಸವಿಯಲ್ಲಿ ನನಗೆ ಇಪ್ಪತ್ತೊಂಬತ್ತು ವರ್ಷ. ನನ್ನ ಯಜಮಾನರು ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸದಲ್ಲಿದ್ದರು. ನಾವು ಇದ್ದದ್ದು, ಈಗಲೂ ಇರುವುದು, ನವನಗರದಲ್ಲಿ. ಚೊಚ್ಚಲ ಬಾಣಂತನಕ್ಕೆ ತವರುಮನೆಗೆ ಹೋಗಿ, ಅವ್ವ ಮಾಡಿದ ಅಂಟಿನ ಉಂಡಿ, ಅಳವಿ ಪಾಯಸಗಳನ್ನು ಉಂಡು, ಎರಡು ತಿಂಗಳ ಕೂಸನ್ನು ಎತ್ತಿಕೊಂಡು ತಿರುಗಿ ಬಂದೆ. ಹಾಲು ಯಥೇಚ್ಛವಾಗಿತ್ತು. ಬಂದ ವಾರದಲ್ಲಿಯೇ ಎಡಗಡೆಯ ಸ್ತನದ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ಅಡಿಕೆಯಷ್ಟು ದೊಡ್ಡ ಗಂಟೊಂದು ಕೈಗೆ ಹತ್ತಿತು. ನೋವಿರಲಿಲ್ಲ.

ಅತ್ತೆಯವರಿಗೆ ತೋರಿಸಿದೆ. ಅವರು ಐವರನ್ನು ಹೆತ್ತು ಹಾಲೂಡಿಸಿದವರು. "ಏನೂ ಆಗಂಗಿಲ್ಲವ್ವಾ, ಹಾಲು ಕಟ್ಟೇತಿ. ಬಿಸಿನೀರಿನ ಶಾಖ ಕೊಡು, ಕೂಸಿಗೆ ಆ ಕಡೀನ ಹೆಚ್ಚಿಗಿ ಕುಡಸು," ಎಂದರು. ಅವರ ಮಾತು ತಪ್ಪೆನ್ನಲಾಗದು. ಹಾಲೂಡಿಸುವ ತಾಯಿಗೆ ಗಂಟಾದರೆ ಬಹುಪಾಲು ಅದು ಹಾಲು ಕಟ್ಟಿದ್ದೇ ಇರುತ್ತದೆ; ಇಲ್ಲವೆ ಬಾವು, ಇಲ್ಲವೆ ಹಾಲು ತುಂಬಿದ ಚೀಲ. ನೂರು ಬಾಣಂತಿಯರಿಗೆ ಹೇಳಿದರೆ ಅವರಲ್ಲಿ ಬಹುತೇಕ ಎಲ್ಲರಿಗೂ ಸರಿಹೊಂದುವ ಮಾತನ್ನೇ ಅತ್ತೆಯವರು ನನಗೂ ಹೇಳಿದರು. ಕಷ್ಟವಿರುವುದು ಅಲ್ಲಿಯೇ.

ಶಾಖ ಕೊಟ್ಟೆ. ಕೋಸಿನ ಎಲೆಯನ್ನು ಇಟ್ಟುಕೊಂಡೆ. ಎರಡು ವಾರ ಕಳೆದವು. ಕೂಸು ಕುಡಿದು ಸ್ತನ ಸಡಿಲಾದ ಮೇಲೂ ಗಂಟು ಇದ್ದಂತೆಯೇ ಇತ್ತು. ಒಬ್ಬ ವೈದ್ಯರ ಬಳಿ ಹೋದೆ. ಯಾರು, ಎಲ್ಲಿ ಎಂಬುದು ಬೇಡ. ಮುಟ್ಟಿ ನೋಡದೆ, "ಬಾಣಂತಿಯರಿಗೆ ಇದೆಲ್ಲ ಸಾಮಾನ್ಯ," ಎಂದು ಐದು ದಿನದ ಮಾತ್ರೆ ಬರೆದುಕೊಟ್ಟರು. ಒಂದು ತಿಂಗಳ ಮೇಲೆ ಮತ್ತೆ ಹೋದಾಗ ಮತ್ತದೇ ಮಾತ್ರೆ. ಇನ್ನೊಮ್ಮೆ ಹೋಗಲು ನನಗೆ ಮನಸ್ಸಾಗಲಿಲ್ಲ. ಅದರಲ್ಲಿ ನನ್ನ ಭಯವೂ ಇತ್ತೆಂದು ಒಪ್ಪಿಕೊಳ್ಳಬೇಕು. ರೋಗ ಬಂದ ಸ್ತನದ ಹಾಲನ್ನು ಕೂಸು ಒಲ್ಲೆನ್ನುತ್ತದೆ ಎಂದು ಯಾರೋ ಹೇಳಿದ್ದರು. ನನ್ನ ಮಗ ಎಡಗಡೆಯೇ ಚೆನ್ನಾಗಿ ಕುಡಿಯುತ್ತಿದ್ದ. ಅದನ್ನೇ ಸಾಕ್ಷಿಯೆಂದು ನಂಬಿ ಒಟ್ಟು ಮೂರು ತಿಂಗಳು ಸುಮ್ಮನಿದ್ದೆ. ಅಡಿಕೆಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು, ಅದರ ಮೇಲಿನ ಚರ್ಮ ಕಿತ್ತಳೆ ಸಿಪ್ಪೆಯಂತೆ ಚುಕ್ಕೆ ಚುಕ್ಕೆಯಾಗಿ ಒಳಕ್ಕೆ ಸೆಳೆಯಿತು.

ಇನ್ನು ನಗಬೇಕೋ ಅಳಬೇಕೋ ತಿಳಿಯದ ಸಂಗತಿ. ನವನಗರದಲ್ಲಿ ಇರುವವರಿಗೆಲ್ಲ ಗೊತ್ತು, ಡಾ. ಆರ್.ಬಿ. ಪಾಟೀಲರು ಕಟ್ಟಿ ಬೆಳೆಸಿದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ನಮ್ಮಲ್ಲಿಯೇ ಇದೆ. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು; 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಬಂತು. ಈ ಭಾಗದ ಬಡವರು ಒಂದು ಕಾಲಕ್ಕೆ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿ ಅಷ್ಟು ದೂರ ಹೋಗುತ್ತಿದ್ದರು. ನಾನಾದರೋ ಸಂಜೆ ಕೂಸನ್ನು ಎತ್ತಿಕೊಂಡು ಆ ಆಸ್ಪತ್ರೆಯ ರಸ್ತೆಯಲ್ಲಿಯೇ ಅಡ್ಡಾಡುತ್ತಿದ್ದೆ. ಮೂರು ತಿಂಗಳಲ್ಲಿ ಒಂದು ಸಲವೂ ಒಳಕ್ಕೆ ಹೆಜ್ಜೆ ಇಡಲಿಲ್ಲ.

ಕೊನೆಗೆ ಕಣ್ಣು ತೆರೆಸಿದವರು ಕೂಸಿಗೆ ಚುಚ್ಚುಮದ್ದು ಹಾಕುತ್ತಿದ್ದ ದಾದಿ. ನಾನು ಹಾಲೂಡಿಸುವಾಗ ಚರ್ಮವನ್ನು ನೋಡಿ, "ಅಕ್ಕಾರ, ಇದನ್ನ ಇವತ್ತ ತೋರಸ್ರಿ," ಎಂದರು. ಅವರು ಹೇಳಿದ್ದು ಅಷ್ಟೇ. ಮೊದಲು ಅಲ್ಟ್ರಾಸೌಂಡ್, ಆಮೇಲೆ ಮ್ಯಾಮೊಗ್ರಾಮ್, ಆಮೇಲೆ ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷೆ. ಹಾಲೂಡಿಸುವವರಿಗೆ ಇವುಗಳನ್ನು ಮಾಡಬಾರದೆಂಬ ನಂಬಿಕೆಯೊಂದಿದೆ, ಅದು ಸರಿಯಲ್ಲ. ಮೂರನ್ನೂ ಮಾಡಬಹುದು, ಕೂಸಿಗೆ ಅದರಿಂದ ಅಪಾಯವಿಲ್ಲ. ವರದಿ ಬಂದ ದಿನ ಡಾಕ್ಟರ್ ಬಾಯಿಯವರು ಬಾಗಿಲು ಮುಚ್ಚಿಸಿ, ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತು, ಕ್ಯಾನ್ಸರ್ ಎಂಬ ಶಬ್ದವನ್ನು ಸುತ್ತುಬಳಸದೆ ಹೇಳಿದರು. ಕಂಕುಳಿನ ಗ್ರಂಥಿಗಳಿಗೂ ಹಬ್ಬಿದೆ ಎಂದರು. ನಾನು ಕೇಳಿದ ಮೊದಲ ಪ್ರಶ್ನೆ ಬದುಕುತ್ತೇನೆಯೇ ಎಂಬುದಲ್ಲ. "ನನ್ನ ಹಾಲು ಕುಡಿದ ಕೂಸಿಗೂ ಇದು ಬಂದಿದೆಯೇ?" ಎಂದು ಕೇಳಿದೆ. ಇಲ್ಲ, ಹಾಲಿನಿಂದ ಕೂಸಿಗೆ ಕ್ಯಾನ್ಸರ್ ಬರುವುದಿಲ್ಲ ಎಂದು ಅವರು ಎರಡು ಸಲ ಹೇಳಿದರು. ಎರಡನೆಯ ಸಲ ಹೇಳಿದಾಗ ಅತ್ತೆ.

ಚಿಕಿತ್ಸೆಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಒಬ್ಬೊಬ್ಬರಿಗೆ ಒಂದೊಂದು ಬಗೆ. ನನಗೆ ಮೊದಲು ಇಪ್ಪತ್ತೊಂದು ದಿನಗಳಿಗೊಮ್ಮೆ ಎಂಟು ಸಲ ಕೀಮೊ, ಆಮೇಲೆ ಶಸ್ತ್ರಚಿಕಿತ್ಸೆ, ಆಮೇಲೆ ಜನ ಕರೆಂಟ್ ಕೊಡುವುದು ಎನ್ನುವ ವಿಕಿರಣ, ಆಮೇಲೆ ವರ್ಷಾನುಗಟ್ಟಲೆ ದಿನಕ್ಕೊಂದು ಮಾತ್ರೆ. ಕೂದಲು ಮೂರನೆಯ ವಾರ ಉದುರಿತು. ಕರೆಂಟ್ ಕೊಡಿಸಿಕೊಂಡವಳು ಕೂಸನ್ನು ಎತ್ತಬಾರದೆಂದು ನೆರೆಯವರೊಬ್ಬರು ಹೇಳಿದರು. ಹೊರಗಿನಿಂದ ಕೊಡುವ ಆ ಕಿರಣ ಮೈಯಲ್ಲಿ ಉಳಿಯುವುದಿಲ್ಲವಾದುದರಿಂದ ನಾನು ಎತ್ತಿದೆ.

ನಿಜವಾದ ಕಷ್ಟ ಇವೆಲ್ಲಕ್ಕಿಂತ ಮೊದಲಿನದು. ಕೀಮೊ ಔಷಧ ಹಾಲಿನಲ್ಲಿ ಸೇರುತ್ತದೆ. ಆದುದರಿಂದ ಆರಂಭಿಸುವ ಮುನ್ನ ಹಾಲು ಬಿಡಿಸಲೇಬೇಕು. ಐದು ತಿಂಗಳ ಕೂಸು, ಬೇರೆ ಏನನ್ನೂ ಕಾಣದ ಬಾಯಿ. ನನಗೆ ಸಿಕ್ಕದ್ದು ಎಂಟು ದಿನ. ಹಾಲು ಬತ್ತಿಸುವ ಮಾತ್ರೆ ಕೊಟ್ಟರು. ಡಬ್ಬಿಯ ಪುಡಿಯ ಹಾಲನ್ನು ಚಮಚದಲ್ಲಿ ಕುಡಿಸಲು ಅತ್ತೆಯವರು ಕುಳಿತರೆ ಮಗ ತಲೆ ತಿರುಗಿಸಿ ನನ್ನನ್ನೇ ಹುಡುಕುತ್ತಿದ್ದ. ನನ್ನ ವಾಸನೆ ಬಂದರೆ ಕುಡಿಯುವುದಿಲ್ಲವೆಂದು ನನ್ನನ್ನು ಹಿತ್ತಲಿಗೆ ಕಳುಹಿಸಿದರು. ಗೋಡೆಯ ಆಚೆ ಅವನು ಅತ್ತಾಗ ಈಚೆ ನನ್ನ ಸೀರೆ ತಾನಾಗಿಯೇ ತೋಯುತ್ತಿತ್ತು. ಕ್ಯಾನ್ಸರಿಗಾಗಿ ನಾನು ಅತ್ತದ್ದು ಕಡಿಮೆ. ಆ ಎಂಟು ದಿನ ಅತ್ತದ್ದಕ್ಕೆ ಲೆಕ್ಕವಿಲ್ಲ.

ಆಗ ಮನೆಗೆ ಬಂದ ಒಬ್ಬ ಧರ್ಮಭಗಿನಿಯವರು ನನಗೆ ಪೆರ್ಪೆತುವಾಳ ಕಥೆಯನ್ನು ಹೇಳಿದರು. 203ನೆಯ ಇಸವಿಯಲ್ಲಿ ಕಾರ್ಥೇಜಿನ ಸೆರೆಮನೆಯಲ್ಲಿದ್ದ, ಸುಮಾರು ಇಪ್ಪತ್ತೆರಡು ವರ್ಷದ, ಮೊಲೆಯುಣ್ಣುವ ಕೂಸಿನ ತಾಯಿ ಅವಳು. ತನ್ನ ಸೆರೆವಾಸದ ವೃತ್ತಾಂತವನ್ನು ತಾನೇ ಬರೆದಿಟ್ಟಿದ್ದಾಳೆ. ಕೂಸನ್ನು ತಂದೆ ತಿರುಗಿ ಕೊಡಲಿಲ್ಲವೆಂದೂ, ದೇವರ ದಯೆಯಿಂದ ಕೂಸು ಮತ್ತೆ ಹಾಲು ಬಯಸಲಿಲ್ಲ, ತನ್ನ ಸ್ತನಗಳೂ ಬಾತುಕೊಳ್ಳಲಿಲ್ಲವೆಂದೂ ಅದರಲ್ಲಿ ಇದೆಯಂತೆ. ಸಾವು ಎದುರಿಗಿರುವಾಗ ಒಬ್ಬ ಸಂತಳು ಹಾಲು ಕಟ್ಟುವ ನೋವನ್ನು ನೆನೆದು ಬರೆದಳೆಂಬುದು ನನಗೆ ಕೊಟ್ಟ ಸಮಾಧಾನವನ್ನು ಯಾವ ಉಪದೇಶವೂ ಕೊಡಲಿಲ್ಲ. ಆದರೆ ನನ್ನ ಸ್ತನಗಳು ಬಾತುಕೊಂಡವು, ಅದನ್ನೂ ಹೇಳಿಬಿಡುತ್ತೇನೆ. ಒಂಬತ್ತನೆಯ ದಿನ ಮಗ ಚಮಚದಿಂದ ಎರಡು ಔನ್ಸ್ ಕುಡಿದು ಅತ್ತೆಯವರ ತೊಡೆಯ ಮೇಲೆ ನಿದ್ದೆಹೋದ.

ಮನೆಯವರು ಈ ಸಂಗತಿಯನ್ನು ಬಚ್ಚಿಟ್ಟರು. ನಾದಿನಿಗೆ ಗಂಡು ನೋಡುತ್ತಿದ್ದ ಕಾಲ. ಮನೆತನಕ್ಕೆ ರೋಗದ ಹೆಸರು ಅಂಟೀತೆಂಬ ಅಂಜಿಕೆ. ಆಸ್ಪತ್ರೆ ಇಷ್ಟು ಹತ್ತಿರವಿದ್ದರೂ ಯಾರಾದರೂ ನೋಡಿಯಾರೆಂದು ಸುತ್ತಿನ ದಾರಿ ಹಿಡಿದು ಹೋಗುತ್ತಿದ್ದೆ. ಗುರುಗಳು ರೋಗಿಯ ಅಭ್ಯಂಗಕ್ಕಾಗಿ ಬಂದಾಗ ಅತ್ತೆಯವರು ನಡುಗಿಬಿಟ್ಟರು. ಅವರ ಬಾಲ್ಯದಲ್ಲಿ ಅದು ಅಂತ್ಯಾಭ್ಯಂಗ, ಸಾಯುವವರಿಗೆ ಮಾತ್ರ. 1972ರಲ್ಲಿಯೇ ಜಗದ್ಗುರು ಆರನೆಯ ಪೌಲರು ಆ ಸಂಸ್ಕಾರದ ವಿಧಿಯನ್ನು ಪರಿಷ್ಕರಿಸಿ, ಕಠಿಣ ರೋಗಿಗಳಿಗೆ ಬಲ ಕೊಡುವ ಸಂಸ್ಕಾರವೆಂದು ಸ್ಪಷ್ಟಪಡಿಸಿದ್ದಾರೆಂದು ಗುರುಗಳು ಕುಳಿತು ವಿವರಿಸಬೇಕಾಯಿತು. ಆ ದಿನ ಗುರುಗಳ ವಾಹನ ಬಾಗಿಲಲ್ಲಿ ನಿಂತದ್ದರಿಂದಲೇ ಗುಟ್ಟು ರಟ್ಟಾಯಿತು. ನಾದಿನಿಯ ಮದುವೆ ಮರುವರ್ಷ ಚೆನ್ನಾಗಿಯೇ ನಡೆಯಿತು.

ಗುಟ್ಟು ಹೊರಬಿದ್ದ ಮೇಲೆ ಜನ ಬಂದರು. ಕೆಲವರು ಅಳಲು ಬಂದರು, ಅವರನ್ನು ನಾನೇ ಸಮಾಧಾನಪಡಿಸಿ ಚಹಾ ಕೊಟ್ಟು ಕಳುಹಿಸಬೇಕಾಯಿತು. ಕೆಲವರು ಲಕ್ಷ್ಮಣಫಲದ ಎಲೆಯ ಕಷಾಯ, ನಾಟಿ ಔಷಧ, ಉಪವಾಸ ಹೇಳಿದರು. ಆದರೆ ಈ ಸಭೆಯಲ್ಲಿ ಕುಳಿತಿರುವ ಒಬ್ಬರು, ಹೆಸರು ಹೇಳಿದರೆ ಎದ್ದುಹೋದಾರು, "ಕೀಮೊ ದಿನ ಮುಂಜಾನೆ ಒಂಬತ್ತರಿಂದ ಕೂಸು ನನ್ನ ಹತ್ರ ಇರ್ತೈತಿ," ಎಂದಷ್ಟೇ ಹೇಳಿ, ಎಂಟು ಸಲವೂ ಬಂದು ಎತ್ತಿಕೊಂಡು ಹೋದರು. ಇನ್ನೊಬ್ಬರು ಕೀಮೊದ ಮರುದಿನದ ಗಂಜಿಯನ್ನು ತಪ್ಪಿಸಲಿಲ್ಲ.

ತಾಯಂದಿರೇ, ಈಗ ತುಸು ಗಮನವಿಟ್ಟು ಕೇಳಬೇಕು. 2022ರ ಅಂದಾಜಿನಂತೆ ಆ ಒಂದೇ ವರ್ಷ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಸ್ತ್ರೀಯರಿಗೆ ಸ್ತನ ಕ್ಯಾನ್ಸರ್ ಹೊಸದಾಗಿ ಬಂತು. ಅವರಲ್ಲಿ ಬಾಣಂತಿಯರು ಸ್ವಲ್ಪವೇ. ಆದುದರಿಂದ ನನ್ನ ಮಾತು ಕೇಳಿ ಯಾರೂ ಹಾಲೂಡಿಸುವುದನ್ನು ನಿಲ್ಲಿಸಬಾರದು. ಹನ್ನೆರಡು ತಿಂಗಳು ಹಾಲೂಡಿಸಿದರೆ ಈ ರೋಗದ ಸಂಭವ ನೂರಕ್ಕೆ ನಾಲ್ಕರಷ್ಟು ಇಳಿಯುತ್ತದೆಂದು ಅನೇಕ ದೇಶಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಹಾಗೆಯೇ ಹೆರಿಗೆಯ ನಂತರದ ಕೆಲವು ವರ್ಷ ಸಂಭವ ತುಸು ಏರಿ, ಬಹುಕಾಲದ ಮೇಲೆ ಇಳಿಯುತ್ತದೆಂಬುದೂ ನಿಜ. ಎರಡನ್ನೂ ತಿಳಿದಿರಬೇಕು.

ಮುಂಬಯಿಯ ಟಾಟಾ ಆಸ್ಪತ್ರೆಯವರು ಇಪ್ಪತ್ತು ವರ್ಷ ನಡೆಸಿದ ಒಂದು ದೊಡ್ಡ ಅಧ್ಯಯನವನ್ನು 2021ರಲ್ಲಿ ಪ್ರಕಟಿಸಿದರು. ಒಂದೂವರೆ ಲಕ್ಷ ಸ್ತ್ರೀಯರು ಅದರಲ್ಲಿದ್ದರು. ಅವರಲ್ಲಿ ಒಂದು ಗುಂಪಿನವರನ್ನು ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ಐವತ್ತು ದಾಟಿದವರಲ್ಲಿ ಈ ರೋಗದ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಇಳಿಯಿತು. ಐವತ್ತರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಎಂದರೆ, ಇಪ್ಪತ್ತೆಂಟು ಮೂವತ್ತು ವರ್ಷದ ಬಾಣಂತಿಯನ್ನು ಹುಡುಕಿಕೊಂಡು ಯಾವ ಶಿಬಿರವೂ ಬರುವುದಿಲ್ಲ. ಬಂದರೂ ಅದನ್ನು ನೆಚ್ಚಿಕೊಂಡು ಕೂಡುವಂತಿಲ್ಲ. ಅವಳಿಗೆ ಇರುವುದು ಅವಳ ಕೈ, ಮತ್ತು ಅವಳ ಮಾತನ್ನು ಕೇಳುವ ಮನೆಯವರ ಕಿವಿ. ಶಾಖ ಕೊಡಿ, ಕೂಸಿಗೆ ಕುಡಿಸಿ. ಎರಡು ವಾರದಲ್ಲಿ ಗಂಟು ಕರಗದಿದ್ದರೆ ಅಲ್ಟ್ರಾಸೌಂಡ್ ಮಾಡಿಸಿ. ಕೆಂಪಾಗಿ ಊದಿಕೊಂಡದ್ದು ಮಾತ್ರೆಗೆ ಇಳಿಯದಿದ್ದರೆ, ಚರ್ಮ ಒಳಕ್ಕೆ ಸೆಳೆದರೆ, ಎರಡು ವಾರವೂ ಕಾಯಬೇಡಿ. "ಬಾಣಂತಿಯರಿಗೆ ಸಾಮಾನ್ಯ" ಎಂದ ವೈದ್ಯರಿಗೆ, ಮುಟ್ಟಿ ನೋಡಿರೆಂದು ಹೇಳಲು ಅಂಜಬೇಡಿ. ಹಣದ ಚಿಂತೆಯಿದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್ ಎರಡನ್ನೂ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ.

ಅಂದು ತಲೆ ತಿರುಗಿಸಿ ನನ್ನನ್ನು ಹುಡುಕುತ್ತಿದ್ದ ಮಗ ಇಂದು ಮುಂಜಾನೆಯ ಬಲಿಪೂಜೆಯಲ್ಲಿ ಗಂಟೆ ಬಾರಿಸಿದ ಹುಡುಗರಲ್ಲಿ ಒಬ್ಬ. ಅವನಿಗೆ ತಮ್ಮ ತಂಗಿಯರಿಲ್ಲ. ಆ ಮಾತ್ರೆ ನುಂಗುವ ವರ್ಷಗಳಲ್ಲಿ ಗರ್ಭ ಧರಿಸಬಾರದು. ನನಗೆ ಎಡಗಡೆ ಸ್ತನವಿಲ್ಲ, ಎಡಗೈಯಿಂದ ಭಾರ ಎತ್ತಿದರೆ ಊತ ಬರುತ್ತದೆ. ಪೂರ್ಣ ಗುಣವಾಗಿದೆಯೇ ಎಂದು ಕೇಳಿದರೆ, ಆರು ತಿಂಗಳಿಗೊಮ್ಮೆ ತೋರಿಸುತ್ತೇನೆ ಎಂಬುದೇ ನನ್ನ ಉತ್ತರ.

ಮುಂದಿನ ಭಾನುವಾರದಿಂದ ಎರಡನೆಯ ಬಲಿಪೂಜೆಯ ನಂತರ ನಾನೂ, ದಾದಿಯ ಕೆಲಸದಿಂದ ನಿವೃತ್ತರಾದ ಧರ್ಮಭಗಿನಿಯವರೂ ಧರ್ಮೋಪದೇಶ ತರಗತಿಯ ಕೋಣೆಯಲ್ಲಿ ಕುಳಿತಿರುತ್ತೇವೆ. ಬಾಗಿಲಿಗೆ ಪರದೆ ಹಾಕಿಸಿದ್ದೇವೆ. ಅತ್ತೆಯವರೂ ಬರುತ್ತೇನೆಂದಿದ್ದಾರೆ, ಸೊಸೆಯನ್ನು ಕರೆದುಕೊಂಡು ಬರುವ ಅತ್ತೆಯಂದಿರೊಡನೆ ಮಾತನಾಡುವ ಕೆಲಸ ತಮ್ಮದೆಂದು ಅವರೇ ವಹಿಸಿಕೊಂಡಿದ್ದಾರೆ.